ಕಾರ್ಮೆಲ್ ಬೆಟ್ಟದ ತೋಪುಗಳು, ಬಳ್ಳಾರಿಯ ತುರ್ಕಿ ಕೈದಿಗಳು

1918ರ ಸೆಪ್ಟೆಂಬರ್ 23, ಸೋಮವಾರ. ಬೆಳಗಿನ ಹತ್ತರ ಹೊತ್ತಿಗೆ ಮೈಸೂರು ಮತ್ತು ಜೋಧಪುರದ ರಾವುತರು ಪ್ಯಾಲೆಸ್ಟೈನಿನ ಬಲದ್ ಅಲ್ ಶೇಖ್ ಎಂಬ ಹಳ್ಳಿಯ ಹತ್ತಿರ ಬಂದಿದ್ದರು. ಇನ್ನೇನು ಹೈಫಾ ಬಂದರು ಕಣ್ಣಳತೆಯಲ್ಲಿದೆ ಅನ್ನುವಾಗ ಎಡಗಡೆಯ ಕಾರ್ಮೆಲ್ ಬೆಟ್ಟದಿಂದ ತೋಪುಗಳು ಸಿಡಿಯತೊಡಗಿದವು. ಬೆಟ್ಟದ ಮೇಲಿಂದ ಗುಂಡು, ದಾರಿಯ ಎರಡೂ ಬದಿಯಿಂದ ಮಷಿನ್‌ಗನ್. ಕೆಳಗಿದ್ದವರ ಕೈಯಲ್ಲಿದ್ದದ್ದು ಭರ್ಜಿ, ಕತ್ತಿ, ರೈಫಲ್ಲು.

ಹೈಫಾ ಕದನ ಎಂದೊಡನೆ ಜೋಧಪುರದ ಮೇಜರ್ ದಲಪತ್ ಸಿಂಗ್ ಅವರ ಹೆಸರು ಎಲ್ಲರಿಗೂ ನೆನಪಾಗುತ್ತದೆ. ಅದು ನ್ಯಾಯವೇ. ಊರಿನ ಕಡೆಗೆ ನುಗ್ಗಿದ ದಾಳಿಯ ಮುಂಚೂಣಿಯಲ್ಲಿದ್ದ ಅವರು ಅಲ್ಲೇ ಗುಂಡೇಟಿಗೆ ಬಲಿಯಾದರು. ಆದರೆ ಅದೇ ಹೊತ್ತಿಗೆ ಬೆಟ್ಟ ಹತ್ತಿ ತೋಪುಗಳ ಬಾಯಿ ಮುಚ್ಚಿಸಿದ ಮೈಸೂರಿನವರ ಸಾಹಸ ಕನ್ನಡಿಗರಿಗೂ ಅಷ್ಟಾಗಿ ಗೊತ್ತಿಲ್ಲ. ಆ ತೋಪುಗಳು ಎಲ್ಲಿಂದ ಬಂದವು ಎಂಬುದಂತೂ ಇನ್ನೂ ಕಡಿಮೆ ಜನಕ್ಕೆ ತಿಳಿದ ಸಂಗತಿ. ಕದನದ ವರದಿಗಳು ಬೆಟ್ಟದ ಇಳಿಜಾರಿನಲ್ಲಿದ್ದದ್ದು ಆಸ್ಟ್ರಿಯನ್ನರ ಲಘು ತೋಪುಗಳ ದಳ ಎನ್ನುತ್ತವೆ. ಆಗಿನ ಆಸ್ಟ್ರಿಯಾ ಒಂಟಿ ದೇಶವಲ್ಲ. ಆಸ್ಟ್ರಿಯಾ ಮತ್ತು ಹಂಗೇರಿ ಒಬ್ಬನೇ ಚಕ್ರವರ್ತಿಯ ಕೆಳಗಿದ್ದವು, ಎರಡಕ್ಕೂ ಕೂಡಿದ ಒಂದು ಸೇನೆಯಿತ್ತು. ಹಂಗೇರಿಯನ್ನರು, ಜರ್ಮನ್ ಭಾಷಿಕರು, ಚೆಕ್ಕರು, ಪೋಲರು, ಕ್ರೊಯೇಷಿಯನ್ನರು ಎಲ್ಲ ಅದೇ ಸೇನೆಯ ಸಮವಸ್ತ್ರ ತೊಟ್ಟವರು.

ಮಧ್ಯ ಯುರೋಪಿನ ತೋಪುಗಾರ ಪ್ಯಾಲೆಸ್ಟೈನಿಗೆ ಬಂದ ಬಗೆಯೇ ಒಂದು ಕಥೆ. ಮೊದಲ ಮಹಾಯುದ್ಧ ಶುರುವಾದಾಗ ತುರ್ಕಿಯ ಆಟೊಮನ್ ಸಾಮ್ರಾಜ್ಯ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿಗಳ ಪಕ್ಷ ಸೇರಿತು. ಸ್ನೇಹವೇನೋ ಆಯಿತು, ನಡುವೆ ಮಾತ್ರ ಸೆರ್ಬಿಯಾ ಅಡ್ಡಲಾಗಿತ್ತು. 1915ರ ಕೊನೆಗೆ ಸೆರ್ಬಿಯಾ ಸೋತು ರೈಲುದಾರಿ ತೆರೆದ ಮೇಲೆ ಮೊದಲು ತುರ್ಕಿಯ ಗಲಿಪೊಲಿ ರಣರಂಗಕ್ಕೆ ಭಾರೀ ತೋಪುಗಳು ಹೋದವು. 24 ಸೆಂಟಿಮೀಟರ್ ಬಾಯಿಯ ಮಾರ್ಟರ್‌ಗಳು ಬಂದಿಳಿದಾಗ ಅಲ್ಲಿನ ತುರ್ಕಿ ಸೈನಿಕರಿಗೆ ಆನೆಬಲ ಬಂದಂತಾಯಿತು. ಮರುವರ್ಷ ಕ್ಯಾಪ್ಟನ್ ಅಡಾಲ್ಫ್ ಮಾರ್ನೊ ಎಂಬಾತನ ನೇತೃತ್ವದಲ್ಲಿ ಬೆಟ್ಟದ ಹೊವಿಟ್ಜರ್‌ಗಳ ಒಂದು ಪಡೆ ಸಿನಾಯ್ ಮರುಭೂಮಿಗೇ ಇಳಿಯಿತು. ಮಂಜುಗಡ್ಡೆಯ ಆಲ್ಪ್ಸ್ ಪರ್ವತಕ್ಕೆಂದು ತಯಾರಾದ ತೋಪನ್ನು ಕಾದ ಮರಳಿನಲ್ಲಿ ಎಳೆದಾಡಬೇಕಾಯಿತು. 1916ರ ಆಗಸ್ಟಿನ ರೋಮಾನಿ ಕದನ, 1917ರ ಮಾರ್ಚ್ ಮತ್ತು ಏಪ್ರಿಲ್‌ಗಳಲ್ಲಿ ನಡೆದ ಗಾಜಾದ ಮೊದಲೆರಡು ಕದನಗಳು, ಎಲ್ಲದರಲ್ಲೂ ಈ ಪಡೆ ತುರ್ಕಿಯ ಪರ ಕಾದಿತು.

ಈ ಪಡೆಗೆ ಮದ್ದುಗುಂಡು ತಲುಪಿಸುವುದೂ ಸುಲಭವಿರಲಿಲ್ಲ. ತುರ್ಕಿಯ ಟಾರಸ್ ಪರ್ವತದ ರೈಲು ಸುರಂಗಗಳ ಕೆಲಸ ಆಗಿನ್ನೂ ಮುಗಿದಿರಲಿಲ್ಲ. ರೈಲಿನಲ್ಲಿ ಬಂದ ಮದ್ದುಗುಂಡನ್ನು ಅಲ್ಲಿ ಇಳಿಸಿ, ಲಾರಿಗೆ ತುಂಬಿ, ಬೆಟ್ಟ ದಾಟಿಸಿ, ಆಚೆ ಮತ್ತೆ ರೈಲಿಗೇರಿಸಬೇಕು. ಈ ಲಾರಿ ಸಾಲುಗಳಲ್ಲೂ ಆಸ್ಟ್ರಿಯಾ-ಹಂಗೇರಿಯ ಚಾಲಕರು ದುಡಿದರು. ಗುಂಡಿಗೆ ಸಿಕ್ಕು ಸತ್ತವರ ಜೊತೆಗೆ ಮಲೇರಿಯಾ, ಆಮಶಂಕೆಗಳಿಗೆ ತುತ್ತಾದವರೂ ಇದ್ದರು.

ಚರಿತ್ರೆ ಬಲ್ಲವರಿಗೆ ಈ ಸ್ನೇಹ ಅಚ್ಚರಿ ತರುತ್ತದೆ. 1526ರಲ್ಲಿ ಮೊಹಾಚ್ ಎಂಬಲ್ಲಿ ಹಂಗೇರಿಯ ಸೇನೆಯನ್ನು ನುಚ್ಚುನೂರು ಮಾಡಿದವರು ಇದೇ ಆಟೊಮನ್ನರು. ಆಮೇಲೆ ಒಂದೂವರೆ ಶತಮಾನ ಹಂಗೇರಿಯ ನಡುನಾಡು ಅವರ ಆಳ್ವಿಕೆಯಲ್ಲಿತ್ತು. ಆ ಹಂಗೇರಿಯ ಮಕ್ಕಳು ನಾಲ್ಕು ಶತಮಾನ ಕಳೆಯುವುದರೊಳಗೆ ಸುಲ್ತಾನನ ಊರುಗಳನ್ನು ಕಾಯಲು ಮರಳುಗಾಡಿಗೆ ಬಂದರು. ಪ್ರತಿಯಾಗಿ ತುರ್ಕಿಯೂ 1916ರಲ್ಲಿ ತನ್ನ ಒಂದು ಸೇನಾ ಕೋರ್ ಅನ್ನು ಆಸ್ಟ್ರಿಯಾ-ಹಂಗೇರಿಯ ಗ್ಯಾಲಿಷಿಯಾದ ಯುದ್ಧರಂಗಕ್ಕೆ ಕಳಿಸಿ ಋಣ ತೀರಿಸಿತು.

ತೋಪುಗಳ ಬಗ್ಗೆಯೂ ಹೇಳಬೇಕು. ಆಸ್ಟ್ರಿಯಾ-ಹಂಗೇರಿ ಸೇನೆಯ ಹೆಸರಾಂತ ತೋಪುಗಳು ತಯಾರಾಗುತ್ತಿದ್ದದ್ದು ಬೊಹೀಮಿಯಾದ ಪಿಲ್ಸೆನ್ ಊರಿನ ಸ್ಕೋಡಾ ಕಾರ್ಖಾನೆಯಲ್ಲಿ. ಇಂದು ನಮ್ಮ ರಸ್ತೆಗಳಲ್ಲಿ ಓಡಾಡುವ ಕಾರುಗಳ ಮೇಲೂ ಅದೇ ಹೆಸರಿದೆ. ಸ್ಕೋಡಾದ 75 ಮಿಲಿಮೀಟರ್ ಬೆಟ್ಟದ ತೋಪು, 1915ರ ಮಾದರಿ, ಸುಮಾರು 600 ಕಿಲೋ ತೂಗುತ್ತಿತ್ತು. ನಳಿಗೆ, ತೊಟ್ಟಿಲು, ಗಾಲಿ, ಗುರಾಣಿ ಎಲ್ಲವನ್ನೂ ಬಿಚ್ಚಿ ಆರೇಳು ಹೊರೆ ಮಾಡಿ ಹೇಸರಗತ್ತೆಗಳ ಬೆನ್ನಿಗೇರಿಸಬಹುದಿತ್ತು. ಮೇಲೆ ಹೋಗಿ ಮತ್ತೆ ಜೋಡಿಸಿದರೆ ಆರು ಕಿಲೋಗೂ ಮಿಕ್ಕ ತೂಕದ ಗುಂಡು ಏಳು ಕಿಲೋಮೀಟರಿನಾಚೆ ಹೋಗಿ ಬೀಳುತ್ತಿತ್ತು. ರಸ್ತೆಯೇ ಇಲ್ಲದ ಕಡೆಗೂ ತೋಪು ತಲುಪುತ್ತದೆ ಎನ್ನುವುದೇ ಇದರ ಹೆಚ್ಚುಗಾರಿಕೆ. ಬಯಲಿನಲ್ಲಿ ಬರುವ ಶತ್ರುವಿಗೆ ಅದು ಎಲ್ಲಿಂದ ಸಿಡಿಯಿತು ಎಂದು ತಿಳಿಯುವಷ್ಟರಲ್ಲಿ ಹತ್ತಾರು ಕುದುರೆಗಳು ನೆಲಕ್ಕುರುಳಿರುತ್ತಿದ್ದವು. ಆ ಸೇನೆಯ ಕಾಲಾಳುಗಳ ಕೈಯಲ್ಲಿದ್ದ ಮಾನ್‌ಲಿಕರ್ ರೈಫಲ್ ಆಸ್ಟ್ರಿಯಾದ ಸ್ಟೈಯರ್‌ನಲ್ಲೂ ಹಂಗೇರಿಯ ಬುಡಾಪೆಸ್ಟ್‌ನಲ್ಲೂ ತಯಾರಾಗುತ್ತಿತ್ತು.

ಇತ್ತ ಮೈಸೂರು. 1914ರಲ್ಲಿ ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಬ್ರಿಟಿಷರ ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು, ತಮ್ಮ ಲ್ಯಾನ್ಸರ್ಸ್ ಅಶ್ವದಳವನ್ನೂ ಕಳಿಸಿದರು. ಕರ್ನಲ್ ಬಿ. ಚಾಮರಾಜ ಅರಸು ಅದರ ನಾಯಕರು. 1918ರಲ್ಲಿ ಜೋಧಪುರ, ಹೈದರಾಬಾದ್, ಮೈಸೂರು ಮೂರೂ ಸಂಸ್ಥಾನಗಳ ಸವಾರರು 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನಲ್ಲಿದ್ದರು. ಮೈಸೂರಿನವರು ಸೂಯೆಜ್ ಕಾಲುವೆ ಕಾಯುವ ಕೆಲಸದಿಂದ ಆರಂಭಿಸಿ ಗಾಜಾ ದಾಟಿ, 1918ರ ಬೇಸಗೆಯನ್ನು ಜೋರ್ಡನ್ ಕಣಿವೆಯ ಸೆಕೆಯಲ್ಲಿ ಕಳೆದರು. ಜುಲೈ 14ರಂದು ಅಲ್ಲಿನ ಹೆನು ಎಂಬ ಹಾಯ್ಗಡದ ಬಳಿ ಮೈಸೂರು, ಜೋಧಪುರದವರು ತುರ್ಕಿ ಸವಾರರ ಮೇಲೆ ಭರ್ಜಿ ಹಿಡಿದೇ ಏರಿಹೋದರು. ಯಂತ್ರಗಳ ಯುದ್ಧದಲ್ಲಿ ಕುದುರೆಗೆ ಕೆಲಸವಿಲ್ಲ ಎನ್ನುತ್ತಿದ್ದವರಿಗೆ ಅದು ಮೊದಲ ಉತ್ತರ.

ಎರಡನೆಯದು ಹೈಫಾ. ಸೆಪ್ಟೆಂಬರ್ 19ರಂದು ಬ್ರಿಟಿಷ್ ಜನರಲ್ ಅಲೆನ್‌ಬಿಯ ದೊಡ್ಡ ದಾಳಿ ಆರಂಭವಾಗಿ ತುರ್ಕಿ ಸೇನೆ ಹಿಮ್ಮೆಟ್ಟುತ್ತಿತ್ತು. ಮುನ್ನುಗ್ಗಿದ ಸೇನೆಗೆ ಅನ್ನ, ಮದ್ದು ಬರಬೇಕಾದರೆ ಹಡಗು ನಿಲ್ಲುವ ಊರು ಬೇಕು. 22ರಂದು ಕವಚದ ಮೋಟಾರುಗಳನ್ನು ಕಳಿಸಿ ನೋಡಿದರೆ ತೋಪಿನೇಟಿಗೆ ಅವು ಹಿಂದಕ್ಕೆ ಬರಬೇಕಾಯಿತು. ಮರುದಿನ ಸಂಸ್ಥಾನದ ಸವಾರರ ಸರದಿ.

ಊರಿಗೆ ಹೋಗುವ ದಾರಿ ಇಕ್ಕಟ್ಟು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಷೋನ್ ಹೊಳೆ ಮತ್ತು ಅದರ ಕೆಸರು. ಬಳ್ಳಾರಿ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ: ಕುರುಗೋಡಿನ ಬಂಡೆಗುಡ್ಡದ ಮೇಲೆ ತೋಪು ಕೂತಿದೆ, ಕೆಳಗೆ ಮಳೆಗಾಲದ ಸಿರುಗುಪ್ಪದ ಎರೆಹೊಲದಂಥ ನೆಲ, ಕಾಲಿಟ್ಟರೆ ಕಿತ್ತುಕೊಳ್ಳಲಾಗದು, ಅದರ ನಡುವೆ ಕುದುರೆ ಓಡಿಸಬೇಕು. ಹೊಳೆಯ ಆಳ ನೋಡಲು ಮುಂದೆ ಹೋದ ಜೋಧಪುರದ ಸವಾರರ ಕುದುರೆಗಳು ದಂಡೆಯ ಹುದುಲಿನಲ್ಲಿ ಹೂತುಹೋದವು. ಹೊಳೆ ದಾಟುವ ಯೋಜನೆ ಬಿಟ್ಟು ದಳ ಎಡಕ್ಕೆ ತಿರುಗಿ ಬೆಟ್ಟದ ಬುಡದತ್ತ ನುಗ್ಗಿತು. ಆ ತಿರುವಿನಲ್ಲಿ ಬೆಟ್ಟದ ತೋಪುಗಳೇನಾದರೂ ಬಿಡುವಾಗಿದ್ದಿದ್ದರೆ ದಾಳಿ ಅಲ್ಲಿಗೇ ಮುಗಿಯುತ್ತಿತ್ತು.

ಬಿಡುವು ಕೊಡದವರು ಮೈಸೂರಿನವರು. ಅವರ ಒಂದು ತುಕಡಿ ಬೆಳಿಗ್ಗೆಯೇ ಕಡಿದಾದ ಕಾಲುದಾರಿ ಹಿಡಿದು ಬೆಟ್ಟ ಹತ್ತಲು ಹೊರಟಿತ್ತು. ಕಲ್ಲಿಗೆ ತಾಗಿ ಲಾಳ ಕಳಚಿ, ಗೊರಸು ಸವೆದು, ಕುದುರೆಗಳು ಒಂದೊಂದಾಗಿ ಕುಂಟತೊಡಗಿದವು. ಕೆಲವರು ಇಳಿದು ರೈಫಲ್ಲಿನಿಂದ ಗುಂಡು ಹಾರಿಸುತ್ತ ನಿಂತರು. ಕೊನೆಗೆ ಕುದುರೆಯ ಮೇಲೆಯೇ ಏರಿಹೋಗಲು ಉಳಿದವರು ಹದಿನೈದು ಮಂದಿಯಷ್ಟು. ಬೆಂಬಲಕ್ಕೆ ಬಂದ ಇಂಗ್ಲೆಂಡಿನ ಷೆರ್ವುಡ್ ರೇಂಜರ್ಸ್ ತುಕಡಿಯ ಜೊತೆಗೂಡಿ ಮಧ್ಯಾಹ್ನ ಎರಡರ ಹೊತ್ತಿಗೆ, ಕೆಳಗೆ ಜೋಧಪುರದ ದಾಳಿ ಆರಂಭವಾದ ಗಳಿಗೆಯಲ್ಲೇ, ಅವರು ತೋಪುಗಳ ಮೇಲೆ ಬಿದ್ದರು. ಆರು ಅಂಗುಲದ ಒಂದು ನೌಕಾತೋಪು ಮತ್ತು ಬೆಟ್ಟದ ತೋಪುಗಳು ವಶವಾದವು. ಉಳಿದ ಮೈಸೂರಿನವರು ಮಷಿನ್‌ಗನ್ ಬೆಂಬಲ ಕೊಟ್ಟು, ಜೋಧಪುರದವರ ಬೆನ್ನಿಗೇ ಊರೊಳಗೆ ನುಗ್ಗಿದರು. ಸಂಜೆಯೊಳಗೆ ಹೈಫಾ ಕೈವಶವಾಗಿತ್ತು. 1,350 ಕೈದಿಗಳು, 17 ತೋಪುಗಳು, 11 ಮಷಿನ್‌ಗನ್‌ಗಳು ಸಿಕ್ಕವು. ಸಂಸ್ಥಾನದ ಸವಾರರ ಕಡೆ ಎಂಟು ಜನ ಸತ್ತು 34 ಮಂದಿ ಗಾಯಗೊಂಡರು. 60 ಕುದುರೆಗಳು ಸತ್ತವು.

ಭರ್ಜಿಯು ತೋಪನ್ನು ಗೆದ್ದಿತು ಎಂದು ಇದನ್ನು ಹೇಳುವವರಿದ್ದಾರೆ. ಆದರೆ ಗೆಲುವಿನ ಲೆಕ್ಕದಲ್ಲಿ ಮೊದಲು ಬರಬೇಕಾದದ್ದು ಆ ಬೆಟ್ಟ ಹತ್ತುವಿಕೆ. ಅದು ಚಿತ್ರಕ್ಕೆ ಸಿಗುವಂಥ ಓಟವಲ್ಲ. ಗಂಟೆಗಟ್ಟಲೆ ಬಿಸಿಲಲ್ಲಿ, ಕುಂಟುವ ಕುದುರೆಯ ಲಗಾಮು ಹಿಡಿದು ಕಲ್ಲು ತುಳಿದ ಕೆಲಸ. ಅದಕ್ಕೇ ಇರಬೇಕು, ಅದರ ಬಗ್ಗೆ ಹಾಡಿದವರು ಕಡಿಮೆ.

ಈ ಯುದ್ಧದ ಇನ್ನೊಂದು ತುದಿ ಬಳ್ಳಾರಿಯಲ್ಲಿತ್ತು. ಪ್ಯಾಲೆಸ್ಟೈನಿನಲ್ಲಿ ಸೆರೆಸಿಕ್ಕ ತುರ್ಕಿ ಸೈನಿಕರಲ್ಲಿ ಹೆಚ್ಚಿನವರು ಈಜಿಪ್ಟಿನ ಶಿಬಿರಗಳಿಗೆ ಹೋದರೆ, ಮೆಸೊಪೊಟೇಮಿಯಾದಲ್ಲಿ ಸಿಕ್ಕವರನ್ನು ಹಡಗಿನಲ್ಲಿ ಭಾರತಕ್ಕೂ ಬರ್ಮಾಕ್ಕೂ ತಂದರು. ಅವರನ್ನು ಇರಿಸಿದ ಊರುಗಳಲ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಒಂದು. ದಂಡುಪ್ರದೇಶ ಇತ್ತು, ರೈಲು ಇತ್ತು, ಸಮುದ್ರ ದೂರವಿತ್ತು. ಕೈದಿಗಳನ್ನಿಡಲು ಸರ್ಕಾರಕ್ಕೆ ಬೇಕಾದದ್ದೂ ಅದೇ. 1917ರಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್‌ನ ಸ್ವಿಸ್ ಪ್ರತಿನಿಧಿಗಳು ಭಾರತ ಮತ್ತು ಬರ್ಮಾದ ಶಿಬಿರಗಳನ್ನು ನೋಡುತ್ತ ಬಂದಾಗ ಬಳ್ಳಾರಿಗೂ ಬಂದರು. ಅನತೋಲಿಯಾದ ರೈತನೊಬ್ಬ ಬಳ್ಳಾರಿಯ ಬಿಸಿಲಲ್ಲಿ ಕಾಗದ ಬರುವುದನ್ನು ಕಾಯುತ್ತ ಕೂತಿದ್ದ ಹೊತ್ತಿನಲ್ಲೇ, ಇಲ್ಲಿಗೆ ಅಷ್ಟೇನೂ ದೂರವಲ್ಲದ ಮೈಸೂರು ಸೀಮೆಯ ರೈತನ ಮಗ ಅವನ ನಾಡಿನವರ ಎದುರು ಕಾದುತ್ತಿದ್ದ. ಇಬ್ಬರಲ್ಲಿ ಯಾರೂ ಈ ಯುದ್ಧ ಬೇಕೆಂದು ಕೇಳಿದವರಲ್ಲ.

ಆಸ್ಟ್ರಿಯಾ-ಹಂಗೇರಿಯ ಪ್ರಜೆಗಳೂ ನಮ್ಮ ಹತ್ತಿರಕ್ಕೇ ಸೆರೆಯಾಗಿ ಬಂದಿದ್ದರು. ಭಾರತದಲ್ಲಿ ವ್ಯಾಪಾರ, ನೌಕರಿ ಮಾಡಿಕೊಂಡಿದ್ದ ಶತ್ರುದೇಶದ ಗಂಡಸರನ್ನು ಅಹಮದ್‌ನಗರದ ಶಿಬಿರಕ್ಕೆ ತುಂಬಿದರು. ಹೆಂಗಸರು, ಮಕ್ಕಳು, ಕುಟುಂಬಗಳಿಗೆ ಬೆಳಗಾವಿಯಲ್ಲಿ ಶಿಬಿರ ತೆರೆದರು. ಕನ್ನಡ ಮಾತಾಡುತ್ತ ಮಂಗಳೂರು, ಧಾರವಾಡಗಳಲ್ಲಿ ಬಾಳಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳ ಸಂಸಾರಗಳಿಗೂ ಅದೇ ಗತಿಯಾಯಿತು.

   

ಹೈಫಾದ ನಂತರವೂ ಮೈಸೂರಿನವರು ಕುದುರೆಯಿಂದ ಇಳಿಯಲಿಲ್ಲ. ಅಕ್ಟೋಬರ್ 26ರಂದು ಅಲೆಪ್ಪೊ ನಗರದಾಚೆಯ ಹರಿತಾನ್ ಎಂಬಲ್ಲಿ ಜೋಧಪುರದವರೊಂದಿಗೆ ಮತ್ತೊಮ್ಮೆ ದಾಳಿಮಾಡಿದರು. ಅಲ್ಲಿ ಹಿಮ್ಮೆಟ್ಟುತ್ತಿದ್ದ ತುರ್ಕಿ ಪಡೆಗಳ ಮುಖಂಡ ಮುಸ್ತಫಾ ಕೆಮಾಲ್, ಮುಂದೆ ತುರ್ಕಿ ಗಣರಾಜ್ಯದ ಮೊದಲ ಅಧ್ಯಕ್ಷನಾದವನು. ನಾಲ್ಕೇ ದಿನಕ್ಕೆ ತುರ್ಕಿ ಕದನವಿರಾಮಕ್ಕೆ ಸಹಿ ಹಾಕಿತು. ನವೆಂಬರ್ 3ರಂದು ಆಸ್ಟ್ರಿಯಾ-ಹಂಗೇರಿಯ ಸರದಿ. ಅಷ್ಟುಹೊತ್ತಿಗೆ ಆ ಸಾಮ್ರಾಜ್ಯವೇ ಒಡೆದುಹೋಗಿತ್ತು. 1920ರ ಜೂನ್ 4ರ ಟ್ರಿಯಾನೊನ್ ಒಪ್ಪಂದ ಹಂಗೇರಿಯ ನೆಲದ ಮೂರರಲ್ಲಿ ಎರಡು ಪಾಲನ್ನು ನೆರೆದೇಶಗಳಿಗೆ ಹಂಚಿತು. ತುರ್ಕಿಯಿಂದ ಊರಿಗೆ ಮರಳಿದ ಎಷ್ಟೋ ಹಂಗೇರಿಯನ್ ಸೈನಿಕರಿಗೆ ತಮ್ಮ ಊರು ಬೇರೆ ದೇಶಕ್ಕೆ ಸೇರಿತ್ತು.

ಹೈಫಾದಲ್ಲಿ ಭಾರತೀಯ ಸೈನಿಕರ ಸ್ಮಶಾನವಿದೆ, ಸೆಪ್ಟೆಂಬರ್ 23ರಂದು ಅಲ್ಲಿ ಗೌರವ ಸಲ್ಲುತ್ತದೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕ ನಿಂತಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. 2018ರ ಜನವರಿಯಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಕುದುರೆ ದಳಗಳನ್ನು ಒಗ್ಗೂಡಿಸಿ 1953ರ ಅಕ್ಟೋಬರ್‌ನಲ್ಲಿ ಭಾರತೀಯ ಸೇನೆ ಕಟ್ಟಿದ ರೆಜಿಮೆಂಟೇ ಇಂದಿನ 61ನೇ ಕ್ಯಾವಲ್ರಿ. ಮೈಸೂರು ಲ್ಯಾನ್ಸರ್ಸ್ ಅದರಲ್ಲಿ ಸೇರಿಹೋಯಿತು. ತುರ್ಕಿ ಕೈದಿಗಳನ್ನಿಟ್ಟಿದ್ದ ಬಳ್ಳಾರಿ ಜಿಲ್ಲೆಯೂ ಅದೇ ತಿಂಗಳ 1ರಂದು ಒಡೆದು, ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಸಿರುಗುಪ್ಪ, ಕುರುಗೋಡುಗಳ ಸಮೇತ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು.