ಮಲಪನಗುಡಿಯ ಒಲವು ಯಾವ ಪಕ್ಷದ ಕಡೆ?

ನಮ್ಮ ಕರಾವಳಿಯಿಂದ ರಜೆಯಲ್ಲಿ ಹಂಪಿ ನೋಡಲು ಹೋಗುವವರು ಬಹಳ ಮಂದಿ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಮಲಪನಗುಡಿ ಸಿಗುತ್ತದೆ. ಬಸ್ಸಿನ ಕಿಟಕಿಯಿಂದ ಊರನ್ನು ನೋಡಿರ್ತಾರೆ, ಹೆಸರು ಕೇಳಿರುವುದಿಲ್ಲ. ಕಬ್ಬು, ಬಾಳೆ, ವಿಜಯನಗರ ಅರಸರ ಕಾಲದ ಕಾಲುವೆಗಳ ನೀರು, ಇದು ಆ ಭಾಗದ ಬದುಕು. ಅಲ್ಲಿನ ಮುಸ್ಲಿಮರು ನಮ್ಮ ಹಾಗೆ ಬ್ಯಾರಿ ಮಾತಾಡುವವರಲ್ಲ. ಮನೆಯಲ್ಲಿ ದಖ್ಖನಿ ಉರ್ದು, ಹೊಲದಲ್ಲಿ, ಸಂತೆಯಲ್ಲಿ ಕನ್ನಡ. ಒಂದೊಂದು ಹಳ್ಳಿಯಲ್ಲಿ ಕೆಲವೇ ಮನೆಗಳು.

ಇಂತಹ ಸಣ್ಣ ಸಮುದಾಯದ ರಾಜಕೀಯ ಒಲವಿನ ಬಗ್ಗೆ ಪೇಟೆಯಲ್ಲಿ ಕೂತವರು ಸಲೀಸಾಗಿ ಮಾತಾಡ್ತಾರೆ. "ಆ ಊರು ಇಂಥ ಪಕ್ಷದ್ದು, ಸಾಬರ ವೋಟು ಇಂಥವರಿಗೇ" ಅಂತ. ಆದರೆ ಆ ಕ್ಷೇತ್ರದ ಚರಿತ್ರೆ ನೋಡಿದರೆ ಪಕ್ಷ ಎನ್ನುವುದೇ ಅಲ್ಲಿ ನಿಂತಲ್ಲಿ ನಿಂತಿಲ್ಲ.

ಹೊಸಪೇಟೆ ವಿಧಾನಸಭಾ ಕ್ಷೇತ್ರಕ್ಕೆ 2008ರಿಂದ ವಿಜಯನಗರ ಎಂದು ಹೆಸರು. 2008 ಮತ್ತು 2013ರಲ್ಲಿ ಆನಂದ್ ಸಿಂಗ್ ಬಿಜೆಪಿಯಿಂದ ಗೆದ್ದರು. 2013ರಲ್ಲಿ ಅವರ ಎದುರು ಕಾಂಗ್ರೆಸ್‌ನಿಂದ ನಿಂತವರು ಎಚ್. ಅಬ್ದುಲ್ ವಹಾಬ್. 2018ರಲ್ಲಿ ಆನಂದ್ ಸಿಂಗ್ ಕಾಂಗ್ರೆಸ್ ಅಭ್ಯರ್ಥಿ, ಎದುರಾಳಿ ಬಿಜೆಪಿಯ ಎಚ್.ಆರ್. ಗವಿಯಪ್ಪ. ಗೆದ್ದದ್ದು ಸಿಂಗ್. ಮರುವರ್ಷ ರಾಜೀನಾಮೆ ಕೊಟ್ಟು, 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಮತ್ತೆ ಬಿಜೆಪಿಯಿಂದ ಗೆದ್ದರು. 2023ರಲ್ಲಿ ಅದೇ ಗವಿಯಪ್ಪ ಕಾಂಗ್ರೆಸ್‌ಗೆ ಬಂದು ಸಿಂಗ್ ಅವರ ಮಗ ಸಿದ್ಧಾರ್ಥ ಸಿಂಗ್ ಅವರನ್ನು ಸೋಲಿಸಿದರು. ಅಂದರೆ ನಾಯಕರು ಮನೆ ಬದಲಾಯಿಸಿಕೊಂಡರು, ಮತದಾರ ಇದ್ದಲ್ಲೇ ಇದ್ದ. ಇದರಲ್ಲಿ ಬದಲಾದ ಒಲವು ಯಾರದು ಅಂತ ನೀವೇ ಹೇಳಿ.

ಲೋಕಸಭೆಯಲ್ಲೂ ಹಾಗೆಯೇ. ಬಳ್ಳಾರಿ ಕ್ಷೇತ್ರ 1952ರಿಂದ ಕಾಂಗ್ರೆಸ್‌ನ ಕೋಟೆ. 1999ರಲ್ಲಿ ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್ ಕನ್ನಡ ಕಲಿತು ಪ್ರಚಾರ ಮಾಡಿದರೂ ಕೋಟೆ ಬೀಳಲಿಲ್ಲ. ಬಿದ್ದದ್ದು 2004ರಲ್ಲಿ. 2018ರ ನವೆಂಬರಿನ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನ ವಿ.ಎಸ್. ಉಗ್ರಪ್ಪ ಎರಡು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆರು ತಿಂಗಳೊಳಗೆ ಅದೇ ಜನ ಅದೇ ಉಗ್ರಪ್ಪನವರನ್ನು ಸೋಲಿಸಿದರು. 2024ರಲ್ಲಿ ಮತ್ತೆ ಕಾಂಗ್ರೆಸ್, ಇ. ತುಕಾರಾಂ.

ಹಾಗಂತ ಒಲವೇ ಇಲ್ಲ ಅಂತಲ್ಲ. 2023ರ ಮಾರ್ಚ್‌ನಲ್ಲಿ, ಚುನಾವಣೆಗೆ ಎರಡು ತಿಂಗಳೂ ಇಲ್ಲದಾಗ, ಮುಸ್ಲಿಮರ 2ಬಿ ವರ್ಗದ ಶೇ. 4 ಮೀಸಲಾತಿಯನ್ನು ಆಗಿನ ಸರ್ಕಾರ ತೆಗೆದು ಹಾಕಿತು. ಅದರ ನೋವು ಉಳ್ಳಾಲದಲ್ಲೂ ಒಂದೇ, ಹೊಸಪೇಟೆಯಲ್ಲೂ ಒಂದೇ. ಆದರೆ ಹಳ್ಳಿಯ ರೈತನಿಗೆ ಅದರ ಜೊತೆ ಇನ್ನೂ ಲೆಕ್ಕಗಳಿವೆ. ಹೊಸಪೇಟೆಯ ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಕಬ್ಬನ್ನು ದೂರಕ್ಕೆ ಸಾಗಿಸಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕಿತ್ತು ಹೋದಾಗ ಎರಡನೇ ಬೆಳೆಗೆ ನೀರು ಸಿಗುತ್ತೋ ಇಲ್ಲವೋ ಎಂಬ ಚಿಂತೆಗೆ ಧರ್ಮ ಇರಲಿಲ್ಲ. ಮೊಹರಂನಲ್ಲಿ ಪೀರಲ ದೇವರನ್ನು ಹಿಂದೂಗಳೇ ಹೊರುವ ಸೀಮೆ ಅದು. ಅಲ್ಲಿ ವೋಟನ್ನು ಜಾತಿ ಹಿಡಿದು ಗೆರೆ ಎಳೆದು ಬೇರೆ ಮಾಡುವುದು ಕಷ್ಟ.

ಇನ್ನೊಂದು ವಿಷಯ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಮತಪತ್ರದ ಕಾಲದಲ್ಲಿ ಬೇರೆ ಬೇರೆ ಬೂತಿನ ಪತ್ರಗಳನ್ನು ಕಲಸಿ ಎಣಿಸುವುದಕ್ಕೆ ಅವಕಾಶ ಇತ್ತು. ಯಂತ್ರ ಬಂದ ಮೇಲೆ ಪ್ರತಿ ಬೂತಿನ ಲೆಕ್ಕ ಬೇರೆ ಬೇರೆ ಸಿಗುತ್ತದೆ, ನಮೂನೆ 20ರಲ್ಲಿ ಪ್ರಕಟ ಕೂಡ ಆಗುತ್ತದೆ. ಹಲವು ಬೂತುಗಳ ಮತ ಒಟ್ಟುಗೂಡಿಸುವ 'ಟೋಟಲೈಸರ್' ಯಂತ್ರವನ್ನು ಚುನಾವಣಾ ಆಯೋಗವೇ ಸೂಚಿಸಿತ್ತು, ಜಾರಿಗೆ ಬರಲಿಲ್ಲ. ಒಬ್ಬೊಬ್ಬನ ವೋಟು ಗುಟ್ಟು, ಓಣಿಯ ವೋಟು ಗುಟ್ಟಲ್ಲ! ಪೇಟೆಯ ದೊಡ್ಡ ವಾರ್ಡಿನಲ್ಲಿ ಇದು ತೊಂದರೆ ಅಲ್ಲ. ಹಳ್ಳಿಯ ಒಂದೇ ಬೂತಿನಲ್ಲಿ ಗೆದ್ದವರು ಹಾಳೆ ತೆಗೆದು "ನಿಮ್ಮ ಕಡೆಯಿಂದ ಎಷ್ಟು ಬಂತು" ಅಂತ ನೋಡಬಹುದು. ಅದಕ್ಕೇ ಸಣ್ಣ ಸಮುದಾಯದವರು ಬಾಯಿ ಬಿಟ್ಟು ಒಲವು ಹೇಳುವುದಿಲ್ಲ. ಅದು ಹೆದರಿಕೆ ಅಂತ ನಾನು ಹೇಳುವುದಿಲ್ಲ, ಬುದ್ಧಿವಂತಿಕೆ.

ಹಳ್ಳಿಯಲ್ಲಿ ಮತದಾನದ ಪ್ರಮಾಣ ಹೆಚ್ಚು ಇರುವುದಕ್ಕೂ ಇದೇ ಒಂದು ಕಾರಣ. ಯಾರು ಬಂದರು, ಯಾರು ಬರಲಿಲ್ಲ ಎಲ್ಲರಿಗೂ ಗೊತ್ತಾಗ್ತದೆ. 2023ರಲ್ಲಿ ರಾಜ್ಯದ ಸರಾಸರಿ ಶೇ. 73 ದಾಟಿತು. 2024ರ ಲೋಕಸಭೆಗೆ ಬೆಂಗಳೂರು ದಕ್ಷಿಣದಲ್ಲಿ ಶೇ. 53ರ ಆಸುಪಾಸಿನಲ್ಲೇ ನಿಂತಿತು. ಓದಿದವರ ಊರು ಅಂತ ಹೆಸರು ಬೇರೆ.

ಒಲವಿಗಿಂತ ಸಂಖ್ಯೆ ಮುಖ್ಯವಾಗುವುದು ಗ್ರಾಮ ಪಂಚಾಯಿತಿಯಲ್ಲಿ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಮಕ್ಕಳನ್ನು ಬಿಟ್ಟರೆ ಮತದಾರರು ಮುನ್ನೂರರ ಒಳಗೆ. ಅದರಲ್ಲಿ ಮೂವರು ಅಭ್ಯರ್ಥಿಗಳು ನಿಂತರೆ ಹತ್ತು ಮನೆಯವರು ಎಲ್ಲರೂ ಬೂತಿಗೆ ಬಂದರೆ ಸಾಕು, ಫಲಿತಾಂಶ ಅವರ ಕೈಯಲ್ಲಿ. ಬೀದಿ ದೀಪ, ಚರಂಡಿ, ಖಬರಸ್ತಾನದ ದಾರಿ, ಮನೆಯ ಖಾತೆ, ಎಲ್ಲ ಬರುವುದು ಈ ಸದಸ್ಯನ ಮೂಲಕ. ಹಂಪಿ ಸುತ್ತಲಿನ ಹಳ್ಳಿಗಳಲ್ಲಿ ಸ್ಮಾರಕಗಳ ಕಾರಣಕ್ಕೆ ಮನೆ ಕಟ್ಟುವುದಕ್ಕೆ ನೂರೆಂಟು ನಿಯಮ, ಪಂಚಾಯಿತಿಯಲ್ಲಿ ಮಾತಾಡುವವರು ಒಬ್ಬರಿದ್ದರೆ ಅದರ ಬೆಲೆಯೇ ಬೇರೆ.

ಪಂಚಾಯಿತಿಯ ಪಟ್ಟಿ ತಯಾರಾಗುವುದು ವಿಧಾನಸಭೆಯ ಮತದಾರರ ಪಟ್ಟಿಯಿಂದಲೇ. ದುಡಿಯಲು ಬೆಂಗಳೂರು, ಗೋವಾ ಅಂತ ಹೋದ ಹುಡುಗರ ಹೆಸರು, ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ತಪ್ಪಿ ಹೋಗುವುದು ಅಲ್ಲಿ. ನಮ್ಮ ಬ್ಯಾರಿ ಮನೆಗಳ ಕಥೆಯೂ ಇದೇ ಅಲ್ಲವೇ? ಹೊಸದಾಗಿ ಸೇರಿಸಲು ನಮೂನೆ 6. ವಿಳಾಸ ಬದಲಿಗೆ, ತಿದ್ದುಪಡಿಗೆ ನಮೂನೆ 8. ಯಾರಾದರೂ ನಿಮ್ಮ ಹೆಸರು ತೆಗೆಯಲು ಅರ್ಜಿ ಹಾಕುವುದು ನಮೂನೆ 7ರಲ್ಲಿ, ಅದರ ಮೇಲೂ ಕಣ್ಣಿರಲಿ. ಗಲ್ಫ್‌ನಲ್ಲಿರುವವರಿಗೆ 6ಎ ಇದೆ, ಆದರೆ ವೋಟು ಹಾಕಲು ಊರಿನ ಬೂತಿಗೇ ಬರಬೇಕು. ಈಗ ವರ್ಷಕ್ಕೆ ನಾಲ್ಕು ಸಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದಕ್ಕೆ 18 ತುಂಬಿದವರು ಅರ್ಹರು. ನಾಮಪತ್ರದ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ. ಸಂಶಯ ಇದ್ದರೆ 1950ಕ್ಕೆ ಫೋನ್ ಮಾಡಿ ಕೇಳಬಹುದು.