ಒತ್ತಕ್ಷರಕ್ಕೂ ಜಾಗವಿರುವ ಪರದೆ

ಸಂಗೀತ ಪಾಠದ ಒಂದು ಪುಟವನ್ನು ಕೀಬೋರ್ಡಿನಲ್ಲಿ ಟೈಪ್ ಮಾಡಲು ಕೂತು ನೋಡಿ. ತಾರಸ್ಥಾಯಿಯ ‘ಸ’ಕ್ಕೆ ನೆತ್ತಿಯ ಮೇಲೊಂದು ಚುಕ್ಕಿ, ಮಂದ್ರದ ‘ನಿ’ಗೆ ಕಾಲಡಿಯಲ್ಲೊಂದು ಚುಕ್ಕಿ, ಎರಡನೇ ಕಾಲದ ಸ್ವರಗಳ ಮೇಲೆ ಗೆರೆ, ಗಮಕ ಎಲ್ಲಿ ಬಾಗಬೇಕೆಂದು ಮೇಷ್ಟ್ರು ಎಳೆದುಕೊಟ್ಟ ಡೊಂಕು ಗೀಟು. ಪೆನ್ನಿಗೆ ಇದು ಕ್ಷಣದ ಕೆಲಸ, ಕೀಲಿಗಳಿಗೆ ಇಡೀ ಸಂಜೆಯ ಗೋಳು. ಡಿಜಿಟಲ್ ನೋಟ್‌ಪ್ಯಾಡ್ ನಮಗೆ ನಿಜಕ್ಕೂ ಬೇಕಾಗುವುದು ಇಂಥಲ್ಲಿ.

ಕಿಂಡಲ್ ಸ್ಕ್ರೈಬ್, ರಿಮಾರ್ಕಬಲ್ 2ರಂಥ ಪ್ಯಾಡುಗಳ ಪೆನ್ನಿನಲ್ಲಿ ಬ್ಯಾಟರಿಯೇ ಇಲ್ಲ. ಪರದೆಯ ಹಿಂದಿರುವ ತಂತಿಜಾಲ ಹೊಮ್ಮಿಸುವ ವಿದ್ಯುತ್ಕಾಂತೀಯ ಸಂಕೇತಕ್ಕೆ ಪೆನ್ನೊಳಗಿನ ಸುರುಳಿ ಮಾರುತ್ತರ ಕೊಡುತ್ತದೆ. ತುದಿ ಎಲ್ಲಿದೆ, ಎಷ್ಟು ಒತ್ತಿದೆ ಎಂಬುದು ಅದರಿಂದಲೇ ತಿಳಿಯುತ್ತದೆ. ಅಂಗೈ ಪರದೆಗೆ ಊರಿದರೂ ಗೀಚು ಬೀಳುವುದಿಲ್ಲ.

‘ಸ್ವಾತಂತ್ರ್ಯ’ ಎಂದು ಬರೆಯುವ ಕೈಯನ್ನು ಗಮನಿಸಿ. ಕೊನೆಯ ‘ತ’ ಬರೆದು, ಕೆಳಗಿಳಿದು ರಕಾರದ ಒತ್ತು, ಅದರ ಪಕ್ಕ ಯಕಾರದ ಒತ್ತು. ಕೆಲವರು ಸೊನ್ನೆಯನ್ನು ಆಗಲೇ ಇಡುತ್ತಾರೆ, ಕೆಲವರು ಪದ ಮುಗಿಸಿ ಹಿಂದಕ್ಕೆ ಬಂದು ಇಡುತ್ತಾರೆ. ಕಾಗದದಲ್ಲಿ ಈ ಓಡಾಟದ ಗುರುತು ಉಳಿಯದು. ಪ್ಯಾಡು ಮಾತ್ರ ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದನ್ನೂ ಹಿಡಿದಿಡಬಲ್ಲದು. ಕೈಬರಹವನ್ನು ಮುದ್ರಿತ ಅಕ್ಷರಕ್ಕೆ ಬದಲಿಸುವ ತಂತ್ರಾಂಶಕ್ಕೆ ಇದೇ ದೊಡ್ಡ ಆಸರೆ. ರ–ಠ ನಡುವಿನ ಅಂತರ ಒಂದು ಚುಕ್ಕಿ. ದ–ಧ ನಡುವಿನದು ಒಂದು ಸೀಳು. ಅವಸರದ ಬರಹದಲ್ಲಿ ಮನುಷ್ಯರ ಕಣ್ಣೇ ತಪ್ಪುತ್ತದೆ. ಆದರೂ ಗೂಗಲ್ 2015ರಲ್ಲಿ 82 ಭಾಷೆಗಳಿಗೆ ತಂದ ಕೈಬರಹದ ಆ್ಯಪ್ ಕನ್ನಡವನ್ನೂ ಓದುತ್ತಿತ್ತು.

ಅದಕ್ಕಿಂತ ಮೊದಲೇ ಬೆಂಗಳೂರು ಈ ದಾರಿಯಲ್ಲಿ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಕಿರುಗಣಕ, 2004ರಲ್ಲಿ ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ತಯಾರಿಸಿದ್ದು ಬಿಇಎಲ್. ಅಂಗೈಯಗಲದ ಅದರ ಪರದೆಯ ಮೇಲೆ ಕಡ್ಡಿಯಿಂದ ಬರೆದದ್ದನ್ನು ಬರೆದಂತೆಯೇ ಇ–ಮೇಲ್ ಮಾಡಬಹುದಿತ್ತು. ಫಾಂಟ್ ಬೇಡ, ಯಾವ ಲಿಪಿಯಾದರೂ ಸರಿ. ಮಾರಾಟದಲ್ಲಿ ಅದು ಗೆಲ್ಲಲಿಲ್ಲ, ಆದರೆ ಆ ಯೋಚನೆ ಎಷ್ಟು ಸರಿಯಾಗಿತ್ತೆಂದು ಈಗ ಅನಿಸುತ್ತದೆ. ಬರಹ ಬರಹವಾಗಿಯೇ ಉಳಿದರೆ ಅಜ್ಜಿಯ ಅಡುಗೆ ಅಳತೆಯೂ ರಂಗೋಲಿಯ ಚುಕ್ಕಿಸಾಲೂ ಒಂದೇ ಪುಟದಲ್ಲಿ ಇರಬಹುದು.

ಚಿತ್ರ ಬಿಡಿಸುವುದೇ ಮುಖ್ಯವಾದರೆ ಕಿಂಡಲ್ ಸ್ಕ್ರೈಬ್‌ನಂಥ ಪ್ಯಾಡುಗಳಲ್ಲಿರುವ, ಕಾಗದದಂತೆ ಕಾಣುವ ಇ–ಇಂಕ್ ಪರದೆ ಸಾಲದು. ಬಣ್ಣ, ವೇಗ ಎರಡಕ್ಕೂ ಐಪ್ಯಾಡ್‌ನಂಥ ಟ್ಯಾಬ್ಲೆಟ್ ಮೇಲು. ಬರೀ ಬರೆಯುವುದಾದರೆ ಇ–ಇಂಕ್ ಕಣ್ಣಿಗೆ ಹಿತ, ಬಿಸಿಲಲ್ಲೂ ಕಾಣುತ್ತದೆ. ಬೆಲೆ ಕಡಿಮೆಯೇನಲ್ಲ.

ಹಾಗಾಗಿ ಅಂಗಡಿಯಲ್ಲಿ ಇಂಗ್ಲಿಷಿನಲ್ಲಿ ಸಹಿ ಹಾಕಿ ನೋಡಿ ಒಪ್ಪಿಕೊಳ್ಳಬೇಡಿ. ಎರಡೆರಡು ಒತ್ತಿರುವ ಪದಗಳನ್ನು ಮೂರು ಸಾಲು ಬರೆಯಿರಿ. ಸಾಲಿನ ಅಂತರ ಇಂಗ್ಲಿಷಿಗೆ ಹೊಂದಿಸಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಬಡಿಯುತ್ತದೆ. ಅಗಲ ಗೆರೆಯ ಪುಟವೋ ಖಾಲಿ ಪುಟವೋ ಅದರಲ್ಲಿದೆಯೇ ಕೇಳಿ. ಮುದ್ರಿತ ಅಕ್ಷರಕ್ಕೆ ಬದಲಿಸುವ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆಯೇ ನೋಡಿ. ಚಂದಾ ಕಟ್ಟದೆಯೂ ಪುಟಗಳನ್ನು ಪಿಡಿಎಫ್ ಮಾಡಿ ಹೊರತೆಗೆಯಲು ಬರುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಿ.