ದವಡೆ ಎಲುಬಿನ ಅಳತೆ: ಯಾವ ಚಿತ್ರವನ್ನು ನಂಬಬೇಕು?

ಕಾಗವಾಡದವರಿಗೆ ಜಿಲ್ಲಾ ಕೇಂದ್ರ ಬೆಳಗಾವಿ ದೂರ, ಗಡಿಯಾಚೆಯ ಮಿರಜ್ ಹತ್ತಿರ. ಹಲ್ಲಿನ ತೊಂದರೆಗೆ ಕೆಲವರು ಮಿರಜ್, ಸಾಂಗ್ಲಿಗೆ ಹೋಗುತ್ತಾರೆ, ಕೆಲವರು ಬೆಳಗಾವಿಯ ಕೆಎಲ್‌ಇ ದಂತ ಕಾಲೇಜಿಗೆ. ಅಲ್ಲಿಗೆ ಕೆಲಸಕ್ಕೋ ವ್ಯಾಪಾರಕ್ಕೋ ಹೋಗಿ ನೆಲೆಸಿದ ನಮ್ಮ ಕರಾವಳಿಯವರಾದರೆ ಊರಿಗೆ ಬಂದಾಗ ದೇರಳಕಟ್ಟೆಯಲ್ಲಿ ತೋರಿಸಿಕೊಳ್ಳುವುದೂ ಉಂಟು. ಬಾಯಿ ಒಂದೇ, ಊರು ಮೂರು, ಎಕ್ಸ್‌ರೇಯೂ ಮೂರು! ಹಾಗಾಗಿ ಯಾವ ಚಿತ್ರ ಏನು ತೋರಿಸುತ್ತದೆ ಎಂದು ನಾವು ತಿಳಿದುಕೊಂಡರೆ ಹಣವೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ.

ಇದು ಮುಖ್ಯವಾಗುವುದು ಇಂಪ್ಲಾಂಟ್ ಹಾಕಿಸುವಾಗ. ಹಲ್ಲು ಹೋದ ಜಾಗದಲ್ಲಿ ದವಡೆಯ ಎಲುಬಿಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಅದರ ಮೇಲೆ ಕೃತಕ ಹಲ್ಲು ಕಟ್ಟುತ್ತಾರೆ. ಕೆಳದವಡೆಯ ಎಲುಬಿನ ಒಳಗೆ ಒಂದು ನರ ಹಾದುಹೋಗುತ್ತದೆ. ಸ್ಕ್ರೂ ಅದಕ್ಕೆ ತಾಗಿದರೆ ಕೆಳತುಟಿ, ಗಲ್ಲ ಜೋಮು ಹಿಡಿದಂತೆ ಆಗಬಹುದು. ಕೆಲವರಿಗೆ ಅದು ಹೋಗುವುದೇ ಇಲ್ಲ. ಅದಕ್ಕೇ ನರಕ್ಕಿಂತ ಕನಿಷ್ಠ 2 ಮಿಲಿಮೀಟರ್ ಮೇಲೆಯೇ ನಿಲ್ಲಿಸಬೇಕು ಎಂಬ ನಿಯಮವನ್ನು ವೈದ್ಯರು ಪಾಲಿಸುತ್ತಾರೆ.

ಅಳತೆಗೆ ಬಳಸುವ ಚಿತ್ರಗಳು ಮುಖ್ಯವಾಗಿ ಮೂರು. ಬಾಯಿಯೊಳಗೆ ಇಟ್ಟು ತೆಗೆಯುವ ಸಣ್ಣ ಎಕ್ಸ್‌ರೇ ಎರಡು ಮೂರು ಹಲ್ಲುಗಳನ್ನು ಸ್ಪಷ್ಟವಾಗಿ ತೋರಿಸುತ್ತದೆ. ತಲೆಯ ಸುತ್ತ ಯಂತ್ರ ತಿರುಗಿ ತೆಗೆಯುವ ಒಪಿಜಿ, ಎರಡೂ ದವಡೆಗಳನ್ನು ಒಂದೇ ಉದ್ದನೆಯ ಚಿತ್ರದಲ್ಲಿ ಕೊಡುತ್ತದೆ. ಮೂರನೆಯದು ಸಿಬಿಸಿಟಿ. ಇದು ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸ್ಕ್ಯಾನ್. 1990ರ ದಶಕದ ಕೊನೆಯಲ್ಲಿ ಇಟಲಿ ಮತ್ತು ಜಪಾನ್‌ನಲ್ಲಿ ದಂತ ಚಿಕಿತ್ಸೆಗೆ ಬಂತು.

ಕರೆಂಟ್ ಹೋದಾಗ ದೀಪದ ಮುಂದೆ ಕೈ ಹಿಡಿದು ಗೋಡೆಯ ಮೇಲೆ ನೆರಳಾಟ ಆಡದ ಮಕ್ಕಳಿಲ್ಲ. ನೆರಳು ಕೈಗಿಂತ ಯಾವಾಗಲೂ ದೊಡ್ಡದು. ಒಪಿಜಿಯೂ ಅಂಥದೇ ನೆರಳು. ಸಾಮಾನ್ಯವಾಗಿ ಅದರಲ್ಲಿ ಎಲುಬು ನಿಜಕ್ಕಿಂತ 20-25 ಶೇಕಡಾ ದೊಡ್ಡದಾಗಿ ಕಾಣುತ್ತದೆ. ತಲೆ ಸ್ವಲ್ಪ ವಾಲಿದರೂ ಲೆಕ್ಕ ಬದಲಾಗುತ್ತದೆ.

ಒಂದು ಲೆಕ್ಕ ಮಾಡೋಣ. ನರದ ಮೇಲೆ ನಿಜವಾಗಿ 12 ಮಿ.ಮೀ. ಎಲುಬಿದೆ ಅಂದುಕೊಳ್ಳಿ. 25 ಶೇಕಡಾ ಹಿಗ್ಗಿದ ಚಿತ್ರದಲ್ಲಿ ಅದು 15 ಮಿ.ಮೀ. ಎಂದು ಕಾಣುತ್ತದೆ. 2 ಮಿ.ಮೀ. ಬಿಟ್ಟು 13 ಮಿ.ಮೀ. ಸ್ಕ್ರೂ ಹಾಕಿದರೆ ಅದು ನರದ ಜಾಗಕ್ಕೇ 1 ಮಿ.ಮೀ. ಇಳಿಯುತ್ತದೆ. ಇದನ್ನು ತಪ್ಪಿಸಲು ವೈದ್ಯರು 5 ಮಿ.ಮೀ.ನ ಉಕ್ಕಿನ ಗುಂಡನ್ನು ಬಾಯಲ್ಲಿಟ್ಟು ಒಪಿಜಿ ತೆಗೆಸುತ್ತಾರೆ. ಗುಂಡು 6.25 ಮಿ.ಮೀ. ಕಂಡರೆ ಎಷ್ಟು ಹಿಗ್ಗಿದೆ ಎಂದು ಗೊತ್ತಾಯಿತು. 15ನ್ನು 1.25ರಿಂದ ಭಾಗಿಸಿದರೆ ನಿಜವಾದ 12 ಸಿಗುತ್ತದೆ.

ಆದರೆ ಗುಂಡು ಇಟ್ಟರೂ ಒಪಿಜಿ ಹೇಳಲಾಗದ ಮಾತೊಂದಿದೆ, ಅದು ಎಲುಬಿನ ದಪ್ಪ. ಹಲ್ಲು ಕಿತ್ತ ಒಂದು ವರ್ಷದೊಳಗೆ ಆ ಜಾಗದ ಎಲುಬು ಸುಮಾರು ಅರ್ಧದಷ್ಟು ತೆಳುವಾಗಬಹುದು. 4 ಮಿ.ಮೀ. ಸ್ಕ್ರೂಗೆ ಎರಡೂ ಬದಿಯಲ್ಲಿ ಎಲುಬು ಉಳಿಯಬೇಕಾದರೆ ಒಟ್ಟು 6 ಮಿ.ಮೀ. ಆದರೂ ಬೇಕು. ಎದುರಿನಿಂದ ನೋಡಿದರೆ ಗೋಡೆಯ ಎತ್ತರ ಗೊತ್ತಾಗುತ್ತದೆಯೇ ಹೊರತು ದಪ್ಪ ಗೊತ್ತಾಗುವುದಿಲ್ಲವಲ್ಲ! ಸಿಬಿಸಿಟಿ ಬ್ರೆಡ್ಡಿನ ತುಂಡುಗಳಂತೆ ದವಡೆಯನ್ನು ಅಡ್ಡಕ್ಕೆ ಸೀಳಿ ತೋರಿಸುವುದರಿಂದ ಎತ್ತರ, ದಪ್ಪ, ನರದ ಜಾಗ ಮೂರೂ ಸಿಗುತ್ತವೆ. ಅಳತೆಯ ವ್ಯತ್ಯಾಸ ಸಾಮಾನ್ಯವಾಗಿ 1 ಮಿ.ಮೀ. ಒಳಗೇ ಇರುತ್ತದೆ.

ಹಾಗಂತ ಎಲ್ಲರಿಗೂ ಸಿಬಿಸಿಟಿ ಬೇಕಿಲ್ಲ. ಅದರ ಖರ್ಚು ಹೆಚ್ಚು, ವಿಕಿರಣವೂ ಒಪಿಜಿಗಿಂತ ಹೆಚ್ಚು. ಆಸ್ಪತ್ರೆಯ ದೊಡ್ಡ ಸಿಟಿಗಿಂತ ಸಾಮಾನ್ಯವಾಗಿ ಕಡಿಮೆ. ಲೋಹದ ಕ್ಯಾಪ್ ಇದ್ದರೆ ಚಿತ್ರದಲ್ಲಿ ಗೆರೆಗಳು ಬೀಳುತ್ತವೆ, ಅಲುಗಾಡಿದರೆ ಮಸುಕಾಗುತ್ತದೆ. ಹುಳುಕು ಹಲ್ಲು ನೋಡಲು ಸಣ್ಣ ಎಕ್ಸ್‌ರೇ ಸಾಕು, ಇಡೀ ಬಾಯಿಯ ಸ್ಥಿತಿ ನೋಡಲು ಒಪಿಜಿ ಸಾಕು. ಸ್ಕ್ರೂ ಇಳಿಸುವ ಮೊದಲು ಎಲುಬು ತೆಳುವೋ, ನರ ಹತ್ತಿರವೋ ಎಂಬ ಸಂಶಯ ಇದ್ದಾಗ ಸಿಬಿಸಿಟಿಗೆ ಬೆಲೆಯಿದೆ.

ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರು ಮೂರು ಮಾತು ಕೇಳಬೇಕು. ಅಳತೆ ತೆಗೆದದ್ದು ಯಾವ ಚಿತ್ರದಿಂದ? ಒಪಿಜಿ ಆದರೆ, ಹಿಗ್ಗಿದ್ದನ್ನು ಕಳೆದಿದ್ದೀರಾ? ಸಿಬಿಸಿಟಿ ಆದರೆ, ಬೇಕಾದಷ್ಟು ಜಾಗದ್ದು ಮಾತ್ರ ತೆಗೆದರೆ ಸಾಕೇ? ಗರ್ಭಿಣಿಯರು ಮೊದಲೇ ತಿಳಿಸಬೇಕು. ಸ್ಕ್ಯಾನ್ ಆದ ಮೇಲೆ ಪ್ರಿಂಟ್ ಮಾತ್ರವಲ್ಲ, ಸಿಡಿಯನ್ನೂ ಕೇಳಿ ತೆಗೆದುಕೊಳ್ಳಿ. ಮಿರಜ್‌ನಲ್ಲಿ ತೆಗೆದ ಸ್ಕ್ಯಾನನ್ನು ಬೆಳಗಾವಿಯಲ್ಲೂ ದೇರಳಕಟ್ಟೆಯಲ್ಲೂ ಕಂಪ್ಯೂಟರ್‌ನಲ್ಲಿ ತೆರೆದು ಅಳೆಯಬಹುದು. ಊರು ಬದಲಾದ ಮಾತ್ರಕ್ಕೆ ಹೊಸ ಸ್ಕ್ಯಾನಿಗೆ ದುಡ್ಡು ಕೊಡುವುದು, ಮತ್ತೊಮ್ಮೆ ವಿಕಿರಣಕ್ಕೆ ಒಡ್ಡಿಕೊಳ್ಳುವುದು ಎರಡೂ ತಪ್ಪುತ್ತದೆ.